ಕೊನೆಯ ಬೆಂಚಿನ ಖಾಲಿ ಜಾಗ

ದೆವ್ವ, ಅಶರೀರವಾಣಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವರ ಪೈಕಿ ನಾನು. ವಿಜ್ಞಾನ ಕಲಿಸುವವನಿಗೆ ಅವೆಲ್ಲ ಒಪ್ಪುವುದಿಲ್ಲ ಎಂದು ಹೇಳಿಕೊಂಡೇ ತಿರುಗಿದವನು. ಈಗಲೂ ನಂಬುತ್ತೇನೆಂದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಅದೇನೆಂಬುದನ್ನು ನೀವೇ ನೋಡಿಕೊಳ್ಳಿ.

ಮೊದಲು ನನ್ನದೊಂದು ಪದ್ಧತಿ ನಿಮಗೆ ಗೊತ್ತಿರಬೇಕು. ನಮ್ಮಜ್ಜ ಊರಲ್ಲಿ ಪುರಾಣ ಹೇಳುತ್ತಿದ್ದ. ಜನ ಎಷ್ಟೇ ಕಿಕ್ಕಿರಿದಿರಲಿ, ಎದುರಿಗೆ ಒಂದು ಮಣೆ ಖಾಲಿ ಹಾಕಿಸುತ್ತಿದ್ದ. ಅದು ಯಾರಿಗಜ್ಜಾ ಎಂದರೆ, "ಕೇಳಾಕ ಬರೋರೆಲ್ಲಾ ಕಣ್ಣಿಗೆ ಕಾಣಬೇಕಂತೈತೇನಲೇ?" ಎನ್ನುತ್ತಿದ್ದ. ನಾನು ಕನ್ನಡ ಕಲಿತದ್ದು ಆ ಮಣೆಯ ಪಕ್ಕದಲ್ಲಿ ಕೂತು. ಮುಂದೆ ಧಾರವಾಡದ ಕಾಲೇಜೊಂದರಲ್ಲಿ ಪಾಠಕ್ಕೆ ನಿಂತಾಗ ಅಜ್ಜನ ಮಣೆಯನ್ನು ಬೇರೆ ಕೆಲಸಕ್ಕೆ ಹಚ್ಚಿದೆ. ಕೊನೆಯ ಬೆಂಚಿನಲ್ಲಿ ಕಿಡಕಿಯ ಕಡೆಯ ಜಾಗದಲ್ಲಿ ಯಾರೂ ಕೂಡಬಾರದು. ಅಲ್ಲಿ ಒಬ್ಬನಿದ್ದಾನೆ, ಅವನಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡು ಪಾಠ ಹೇಳುವುದು. ಜಾಣರಿಗೆ ಹೇಳುವುದೇನು ದೊಡ್ಡದು, ಅವರು ಪುಸ್ತಕ ನೋಡಿ ಕಲಿತಾರು. ಅವನಿಗೆ ತಿಳಿದರೆ ಪಾಠ ಆಯಿತು, ಇಲ್ಲದಿದ್ದರೆ ಇಲ್ಲ. ಅವನ ಸಲುವಾಗಿ, ಇಂಗ್ಲಿಷಿನಲ್ಲಿ ಹೇಳಬೇಕಾದ ನನ್ನ ಭೌತಶಾಸ್ತ್ರದ ಪಾಠದಲ್ಲಿ ಕನ್ನಡ ಧಾರಾಳವಾಗಿ ಬರುತ್ತಿತ್ತು. ರಸಾಯನಶಾಸ್ತ್ರ ಕಲಿಸುವ ಗೆಳೆಯ ವಾಮನರಾಯ ದಿನಾ ಚುಡಾಯಿಸುತ್ತಿದ್ದ: "ಏನಪಾ, ನಿನ್ನ ಪಟ್ಟಶಿಷ್ಯ ಇವತ್ತರೆ ಬಾಯಿ ಬಿಟ್ನೋ ಇಲ್ಲೋ?"

ಆಗ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೊಸ ಪ್ರಿನ್ಸಿಪಾಲರು ಪುಣೆಯ ಕಡೆಯವರು, ಕನ್ನಡ ಸುತರಾಂ ಬಾರದು. ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಕೇಳಿಸಕೂಡದೆಂದು ಅವರ ಕಟ್ಟಪ್ಪಣೆ. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ನೋಡಲು ಒಂದು ಮಧ್ಯಾಹ್ನ ಅವರೇ ಪಾಠಕ್ಕೆ ಬಂದು ಕೊನೆಯ ಬೆಂಚಿನ ನಡುವೆ ಕೂತರು. ಅಲ್ಲಿದ್ದ ಹುಡುಗರು ಅಂಜಿ ಮುಂದಿನ ಬೆಂಚುಗಳಿಗೆ ಸರಿದರು. ಬೆಂಚಿನ ಹಿಂದೆ ಗೋಡೆ, ಪಕ್ಕಕ್ಕೆ ಆ ಖಾಲಿ ಜಾಗ.

ಚಂದ್ರ ಭೂಮಿಯ ಮೇಲೆ ಏಕೆ ಬೀಳುವುದಿಲ್ಲ ಎಂಬುದು ಅಂದಿನ ಪಾಠ. ಅಪ್ಪಟ ಇಂಗ್ಲಿಷಿನಲ್ಲಿ ಹೇಳಿದೆ. ಒಳ್ಳೆಯ ಇಂಗ್ಲಿಷೇ ಅದು. ಹುಡುಗರು ಮಾತ್ರ ಗುರುತಿಲ್ಲದವರ ಮದುವೆಗೆ ಬಂದವರ ಹಾಗೆ ಕೂತಿದ್ದರು. ಆಗ ಕೊನೆಯ ಬೆಂಚಿನಿಂದ ದನಿ ಬಂತು.

"ತಿಳೀಲಿಲ್ರಿ ಸರ. ಜಗ್ಗೋದು ಖರೇ ಅಂದಮ್ಯಾಲ ಬೀಳವಲ್ಲದ್ಯಾಕ? ಇನ್ನೊಮ್ಮೆ ಹೇಳ್ರಿ."

ಸಾವಕಾಶದ ಗಂಡು ದನಿ. ಹುಡುಗರೆಲ್ಲ ಒಮ್ಮೆಲೇ ಹೊರಳಿ ನೋಡಿದರು. ತಿಳೀಲಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಪ್ರಿನ್ಸಿಪಾಲರೂ ಮರೆತುಹೋದರು, ನೌಕರಿಯೂ ಮರೆತುಹೋಯಿತು. "ಹೇಳತೇನಿ ತಡಿಯಪಾ" ಎಂದವನೇ ಗರಗ ಊರಿನ ಹುಡುಗ ಈರಪ್ಪನನ್ನು ಎಬ್ಬಿಸಿದೆ.

"ಜ್ವಾಳದ ಹೊಲದಾಗ ಹಕ್ಕಿ ಹೆಂಗ ಹೊಡೀತೀಯೋ?"

"ಕವಣೀಲೆ ರೀ."

ಹೆಗಲ ಮೇಲಿನ ಶಲ್ಯ ಮಡಚಿ, ಅದರೊಳಗೆ ಡಸ್ಟರ್ ಇಟ್ಟು, ತಲೆಯ ಮೇಲೆ ಗರಗರ ತಿರುಗಿಸಿದೆ. "ಕೈ ಜಗ್ಗಿ ಹಿಡದೈತಿ, ಅದಕ್ಕ ಸುತ್ತಾಕತ್ತೈತಿ. ಬಿಟ್ಟರ?"

"ನೆಟ್ಟಗ ಹೊಕ್ಕೈತ್ರಿ!"

ಬಿಟ್ಟೆ. ಡಸ್ಟರ್ ಕಿಡಕಿಯಿಂದ ಹೊರಗೇ ಹೋಯಿತು. "ಚಂದ್ರನೂ ಕವಣಿಯೊಳಗಿನ ಕಲ್ಲಪಾ. ಜಗ್ಗೋ ಹಗ್ಗ ನಮಗ ಕಾಣಂಗಿಲ್ಲ, ಅಷ್ಟ." ಹುಡುಗರ ಮುಖ ಅರಳಿತು. ಅಷ್ಟು ಛಲೋ ಪಾಠ ನಾನು ಹಿಂದೆಯೂ ಹೇಳಿರಲಿಲ್ಲ, ಮುಂದೆಯೂ ಹೇಳಲಿಲ್ಲ.

ಗಂಟೆ ಹೊಡೆಯಿತು, ಪ್ರಿನ್ಸಿಪಾಲರು ಎದ್ದು ನಡೆದುಬಿಟ್ಟರು. ಈರಪ್ಪ ಕೆಳಗಿಳಿದು ಡಸ್ಟರ್ ಹುಡುಕಿ ತಂದ. ಕೈಗೆ ಕೊಡುತ್ತ ಕೇಳಿದ: "ಸರ, ಪ್ರಿನ್ಸಿಪಾಲ ಸಾಹೇಬ್ರು ಇಷ್ಟ ಲಗೂ ಕನ್ನಡಾ ಹೆಂಗ ಕಲ್ತ್ರರೀ? ನಮ್ಮೂರವರಂಗ ಮಾತಾಡಿದ್ರಲ್ಲ!"

ಆ ಬೆಂಚಿನಲ್ಲಿ ಅವರೊಬ್ಬರೇ ಇದ್ದರೆಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಸಂಜೆಗೆ ಕರೆ ಬಂತು. ನೌಕರಿ ಹೋಯಿತೆಂದೇ ಒಳಗೆ ಹೋದೆ. ಅವರು ಇಂಗ್ಲಿಷಿನಲ್ಲಿ, ಆ ಹುಡುಗ ಕೇಳಿದ್ದೇನು ಎಂದರು. ಅರ್ಥ ಹೇಳಿದೆ. ಯಾರವನು ಎಂದರು. ದನಿ ನೀವು ಕೂತ ಬೆಂಚಿನಿಂದಲೇ ಬಂತು, ಹುಡುಗರೆಲ್ಲ ನೀವೇ ಕೇಳಿದಿರಿ ಅಂದುಕೊಂಡಿದ್ದಾರೆ ಎಂದೆ. ಅವರು ಎದ್ದು ಬಾಗಿಲು ಮುಚ್ಚಿದರು. ದನಿ ತಮ್ಮ ಕಿವಿಯ ಹತ್ತಿರವೇ ಬಂತು, ಹೊರಳಿ ನೋಡಿದರೆ ಯಾರೂ ಇಲ್ಲ ಎಂದರು. ತಿರುಗಿ ಬಂದು ಕೂತು, ಭಾಷೆ ಬರದ ತಮಗೂ ಆ ಕವಣೆ ತಿಳಿಯಿತೆಂದೂ, ನನ್ನ ನೌಕರಿ ಕಾಯಂ ಎಂದೂ, ಪಾಠ ಹೇಗೆ ಬೇಕಾದರೂ ಹೇಳಬಹುದೆಂದೂ ಹೇಳಿದರು. ಬಾಗಿಲವರೆಗೆ ಬಂದವರು ಮೆಲ್ಲಗೆ, "ಆ ಜಾಗ ಮಾತ್ರ ಖಾಲಿಯೇ ಇರಲಿ" ಎಂದರು.

ಯಾವನೋ ಕಿಡಕಿಯ ಹೊರಗೆ ನಿಂತು ಚೇಷ್ಟೆ ಮಾಡಿದ್ದಾನೆ ಎಂದು ವಾಮನರಾಯ ಸಾಧಿಸಿದ. ನಮ್ಮ ಕೋಣೆ ಇದ್ದದ್ದು ಮಹಡಿಯ ಮೇಲೆ. ಕಿಡಕಿಯ ಹೊರಗೆ ಕಾಲಿಡಲು ಜಾಗವಿಲ್ಲ. ಅವನೇ ಹೋಗಿ ಬಗ್ಗಿ ನೋಡಿ ಬಂದ. ಅಂದಿನಿಂದ ಪಟ್ಟಶಿಷ್ಯನ ಮಾತು ಬಿಟ್ಟ.

ಆಮೇಲೆ ನಾನು ಬಹಳ ವರ್ಷ ಕಲಿಸಿದೆ. ಕಲಿಸುವುದರಲ್ಲಿ ನನಗೆ ಅಂಜಿಕೆಯೆಂಬುದೇ ಉಳಿಯಲಿಲ್ಲ. ಆ ಜಾಗ ಎಂದೂ ತುಂಬಲಿಲ್ಲ, ಅಲ್ಲಿಂದ ಆ ದನಿ ಇನ್ನೊಮ್ಮೆ ಎಂದೂ ಬರಲಿಲ್ಲ. ಅವನಿಗೆ ಎಲ್ಲ ತಿಳಿಯುತ್ತ ಬಂದದ್ದಕ್ಕೆ ಸುಮ್ಮನಿದ್ದನೋ, ಇಲ್ಲವೆ ಅಂದೇ ಎದ್ದು ಹೋಗಿದ್ದನೋ, ಅದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.