ಹರಾಜುಗಾರನ ಮನೆ ದಾಟಿ ಹೋದ ತಂತಿ

ಡ್ರಮ್‌ಬ್ರೀನಿನಲ್ಲಿ ಫೀಲಿಮ್ ಗಿಲ್‌ಹೀನಿಯ ಎದುರು ಮಾತಾಡಿ ಗೆದ್ದವರಿಲ್ಲ. ಲೀಟ್ರಿಮ್ ಸೀಮೆಯ ದನದ ಸಂತೆಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದ ಗಂಟಲು ಅದು. ಕೆಲಸ ಬಿಟ್ಟು ಮನೆಯಲ್ಲಿ ಕೂತಮೇಲೂ ಗಂಟಲು ಮಾತ್ರ ಸುಮ್ಮನಾಗಲಿಲ್ಲ. ಕರು ಕೊಳ್ಳಲು ಬಂದವನ ಹುಬ್ಬು ಅಲ್ಲಾಡಿದ್ದನ್ನು ಕಂಡೇ ಅವನ ಮನಸ್ಸಿನಲ್ಲಿರುವ ಬೆಲೆ ಎಷ್ಟೆಂದು ಹೇಳಬಲ್ಲವನಾಗಿದ್ದ. ಸಂತೆಯಲ್ಲಿ ಯಾರಾದರೂ "ಬೇಡ" ಅಂದರೆ ಅವನನ್ನೇ ಮೊದಲು ಹಿಡಿಯುತ್ತಿದ್ದ. "ಬೇಡ ಅಂತ ಬಾಯಿಬಿಟ್ಟು ಹೇಳ್ತಾನೆ ಅಂದ್ರೆ ಅವ್ನಿಗೆ ಬೇಕು ಕಣ್ರಯ್ಯಾ. ನಿಜವಾಗ್ಲೂ ಬೇಡದೋನು ಮನೇಲಿರ್ತಾನೆ," ಎನ್ನುತ್ತಿದ್ದ.

ಅವನದ್ದೇನು ತಪ್ಪು ಹೇಳಿ, ಆ ಕಡೆಯ ಜನವೇ ಹಾಗೆ. ಚಹಾ ಕುಡಿಯುತ್ತೀರಾ ಎಂದು ಕೇಳಿದರೆ ಮೊದಲ ಸಲ "ಅಯ್ಯೋ, ಬೇಡಪ್ಪ". ಎರಡನೆಯ ಸಲ "ಈಗಷ್ಟೇ ಆಯ್ತು". ಮೂರನೆಯ ಸಲ "ಹಾಗಾದ್ರೆ ಅರ್ಧ ಕಪ್ಪು". ಆ ಅರ್ಧ ಕಪ್ಪು ತುಂಬಿ ತುಳುಕಿಕೊಂಡೇ ಬರಬೇಕು. ಮೊದಲ ಸಲಕ್ಕೇ ಹೂಂ ಅಂದವನು ಹಸಿದುಬಿದ್ದವನು, ಒಂದೇ ಸಲ ಕೇಳಿ ಬಿಟ್ಟವನು ಜಿಪುಣ. ಮೂರನೆಯ ಸಲ ಕೇಳಿದಾಗಲೂ ಬೇಡ ಅಂದರೆ ಮಾತ್ರ ಅದು ಬೇಡ. ಆಮೇಲೆ ಯಾರೂ ಒತ್ತಾಯ ಮಾಡುವುದಿಲ್ಲ.

ದೇಶದ ಮೂಲೆಮೂಲೆಗೂ ವೇಗದ ಇಂಟರ್ನೆಟ್ ತಂತಿ ಎಳೆಯಬೇಕೋ ಬೇಡವೋ ಎಂದು ರಾಜಧಾನಿ ಡಬ್ಲಿನ್ನಿನಲ್ಲಿ ದೊಡ್ಡವರು ಕಚ್ಚಾಡುತ್ತಿದ್ದ ಕಾಲದಲ್ಲಿ ಫೀಲಿಮ್ ಹಳ್ಳಿಹಳ್ಳಿಯ ಸಭಾಂಗಣ ಸುತ್ತಿದ. ಮಳೆ ಎನ್ನಲಿಲ್ಲ, ಚಳಿ ಎನ್ನಲಿಲ್ಲ. ಎಲ್ಲ ಕಡೆಯೂ ಒಂದೇ ಭಾಷಣ.

"ಡಬ್ಲಿನ್ನಿನ ಬುದ್ಧಿವಂತರು ಏನಂತಾರೆ? ಒಂದು ಮನೆಗೋಸ್ಕರ ಒಂದು ಮೈಲಿ ತಂತಿ, ನಷ್ಟ ಅಂತಾರೆ. ಕರೆಂಟ್ ಬರೋವಾಗ್ಲೂ ಇದನ್ನೇ ಅಂದಿದ್ರು! ಆವತ್ತು ಮನೆಮನೆ ಲೆಕ್ಕ ಹಾಕ್ಕೊಂಡು ಕೂತಿದ್ರೆ ಹಾಲು ಕರೆಯೋ ಯಂತ್ರ ಎಲ್ಲಿರ್ತಿತ್ತು, ಬೆಣ್ಣೆ ಕಾರ್ಖಾನೆ ಎಲ್ಲಿರ್ತಿತ್ತು? ರಸ್ತೇನ ಹಿಡ್ಕೊಂಡು 'ಈ ವರ್ಷ ನೀನೆಷ್ಟು ದುಡಿದೆ' ಅಂತ ಯಾರಾದ್ರೂ ಕೇಳ್ತಾರೇನ್ರಯ್ಯಾ? ತಂತಿ ದುಡಿಯಲ್ಲ, ತಂತಿ ಇರೋ ಊರು ದುಡಿಯುತ್ತೆ!"

ಜನ ಚಪ್ಪಾಳೆ ತಟ್ಟುವರು. ಆಗ ದನಿ ತಗ್ಗಿಸಿ ಹೆಂಡತಿಯ ಮಾತು ತೆಗೆಯುವನು. "ನಮ್ಮ ಬ್ರೀಜ್‌ನೇ ನೋಡಿ. ಸ್ಲೈಗೋ ಆಸ್ಪತ್ರೇಲಿ ಡಾಕ್ಟರುಗಳ ಕಾಗದ ಟೈಪ್ ಮಾಡ್ತಾಳೆ. ಕತ್ತಲಲ್ಲಿ ಹೋಗ್ತಾಳೆ, ಕತ್ತಲಲ್ಲಿ ಬರ್ತಾಳೆ. ಎದುರು ಗಾಡಿ ಬೆಳಕು ಬಿದ್ರೆ ಈಗೀಗ ಅವ್ಳಿಗೆ ಕಣ್ಣು ಕಾಣಲ್ಲ. ಆ ತಂತಿ ಬಂದ್ರೆ ಅದೇ ಕೆಲಸ ಅಡುಗೆಮನೇಲಿ ಕೂತು ಮಾಡ್ತಾಳೆ. ಪೆಟ್ರೋಲು ಉಳೀತು, ಕಣ್ಣು ಉಳೀತು, ಸಂಬಳ ನಮ್ಮೂರ ಅಂಗಡೀಲಿ ಖರ್ಚಾಯ್ತು. ಇಂಥ ಮನೆ ದೇಶದಲ್ಲಿ ಎಷ್ಟಿವೆ, ನೀವೇ ಹೇಳಿ."

ಮಾತು ಸುಳ್ಳಲ್ಲ. ಒಳ್ಳೆ ತಂತಿ ಇರುವವರು ಮನೆಯಿಂದಲೇ ಕೆಲಸ ಮಾಡಬಹುದೆಂದು ಆಸ್ಪತ್ರೆಯವರು ಬ್ರೀಜ್‌ಗೆ ಹೇಳಿಯೂ ಆಗಿತ್ತು. ಅವಳು ಕಿಟಕಿಯ ಪಕ್ಕ ಮೇಜು ಹಾಕಿಸಿ, ಅದರ ಮೇಲೊಂದು ಹೂವಿನ ಕುಂಡ ಇಟ್ಟು ಕಾಯುತ್ತಿದ್ದಳು.

ಕೊನೆಗೂ ತಂತಿ ಮಂಜೂರಾಯಿತು. ಆಗಸ್ಟ್ ತಿಂಗಳಲ್ಲಿ ಯೆವಾ ಎಂಬ ಹುಡುಗಿ ಮನೆಮನೆಗೆ ಬಂದು ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಕೇಳತೊಡಗಿದಳು. ಲಾಟ್ವಿಯಾ ದೇಶದವಳು, ಕ್ಯಾರಿಕ್ ಪೇಟೆಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಫೀಲಿಮನ ಅಂಗಳಕ್ಕೆ ಬಂದಾಗ ಅವನು ಬೇಲಿ ಕತ್ತರಿಸುತ್ತಿದ್ದ. ಬ್ರೀಜ್ ಕೆಲಸಕ್ಕೆ ಹೋಗಿದ್ದಳು.

"ನಿಮ್ಮ ಮನೆಗೆ ತಂತಿ ಬೇಕಾ, ಗಿಲ್‌ಹೀನಿಯವರೇ?"

ಅಯ್ಯೋ, ಆ ನಾಲಿಗೆಗೆ ಏನಾಗಿತ್ತೋ! ಊರಿಗೆಲ್ಲ ತಂತಿ ಕೇಳಿದವನು ತನಗೂ ಬೇಕೆಂದು ಮೊದಲ ಸಲಕ್ಕೇ ಬಾಯಿ ಬಿಡುವುದೇ? ಫೀಲಿಮ್ ಟೋಪಿ ಹಿಂದಕ್ಕೆ ಸರಿಸಿ ನಕ್ಕ. "ಅಯ್ಯೋ, ನಮಗ್ಯಾಕಮ್ಮ. ವಯಸ್ಸಾದೋರು. ಮೊದ್ಲು ಬೇರೆಯವ್ರಿಗೆ ಕೊಡಿ."

"ಸರಿ," ಎಂದಳು ಯೆವಾ. ಕೈಯಲ್ಲಿದ್ದ ಫೋನಿನಲ್ಲಿ ಏನೋ ಒತ್ತಿ, "ಥ್ಯಾಂಕ್ಸ್, ಬರ್ತೀನಿ," ಎಂದು ಗೇಟು ಹಾಕಿಕೊಂಡು ಹೊರಟೇಹೋದಳು.

ಫೀಲಿಮ್ ಕತ್ತರಿ ಹಿಡಿದು ಬೆಪ್ಪನಂತೆ ನಿಂತ. ಇನ್ನೊಂದು ಸಲ ಕೇಳಲು ತಿರುಗುತ್ತಾಳೆ ಎಂದುಕೊಂಡ. ಅವಳು ತಿರುವು ದಾಟುವವರೆಗೂ ನೋಡಿದ. ಕೂಗಬಹುದಿತ್ತು. ಮೂರು ಹೊಲದಾಚೆಯ ಎತ್ತಿಗೂ ಕೇಳುವ ಗಂಟಲು ಅವನದು. ಕೂಗಲಿಲ್ಲ. ನಾಳೆ ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಅವಳು ಬರಲಿಲ್ಲ.

ಅಕ್ಟೋಬರಿನಲ್ಲಿ ಕಂಬ ನೆಟ್ಟರು. ಒಂದು ಕಂಬ ಫೀಲಿಮನ ಗೇಟಿನ ಪಕ್ಕದಲ್ಲೇ ಬಂತು. ತಂತಿ ಅವನ ಗೇಟಿನ ಮೇಲೆ ಹಾದು, ದಿಬ್ಬದ ಮೇಲಿದ್ದ ಪ್ಯಾಕಿ ಮೋರನ್‌ನ ಮನೆಗೆ ಹೋಯಿತು. ಇವನ ಮನೆಗೆ ಕವಲೊಡೆಯಲಿಲ್ಲ. ಕೆಲಸಗಾರರು ಏಣಿ ಕಟ್ಟಿಕೊಂಡು ಮುಂದಿನ ಊರಿಗೆ ಹೋದರು.

ಪ್ಯಾಕಿ ಬೇಲಿಯ ಆಚೆಯಿಂದ ಇಣುಕಿದ. "ಏನಯ್ಯಾ ಫೀಲಿಮ್, ಊರಿಗೆಲ್ಲಾ ಊಟ ಹಾಕ್ಸಿ ನೀನು ಉಪವಾಸಾನಾ?"

"ನಮ್ದು ಬೇರೆ ಥರ ಬರುತ್ತೆ ಕಣೋ. ನೆಲದೊಳಗಿಂದ."

"ಓಹೋ, ದೊಡ್ಡೋರಪ್ಪ! ನೆಲದೊಳಗಿಂದ!" ಎಂದು ಪ್ಯಾಕಿ ನಗುತ್ತ ಹೋದ. ಫೀಲಿಮ್ ಆವತ್ತು ಆ ಕಂಬದ ಕಡೆ ಮುಖ ಮಾಡಲಾರದೆ ಹಿತ್ತಲ ಬಾಗಿಲಿನಿಂದ ಓಡಾಡಿದ.

ಅವನ ನಾಚಿಕೆಗೆ ಇನ್ನೊಂದು ಬೇರಿತ್ತು. ಕರೆಂಟಿನ ಕಾಲದಲ್ಲಿ ಹೀಗೆಯೇ ಒಬ್ಬ ಮನೆಬಾಗಿಲಿಗೆ ಬಂದು ಕೇಳಿದ್ದ. ಫೀಲಿಮನ ತಾಯಿ ಬಿಗುಮಾನಕ್ಕೆ "ನಮಗ್ಯಾಕೆ" ಅಂದಿದ್ದಳು. ಕೇಳಲು ಬಂದವನು ಅವಸರದಲ್ಲಿದ್ದನೋ ಏನೋ, ಮತ್ತೆ ಕೇಳಲಿಲ್ಲ. ಊರಿಗೆಲ್ಲ ದೀಪ ಬಂದು ಎಷ್ಟೋ ವರ್ಷವಾದರೂ ಇವರ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ಶಾಲೆಯಲ್ಲಿ ಮೂಗಿನ ತುದಿಗೆ ಮಸಿ ಬಳಿದುಕೊಂಡು ಹುಡುಗರು ಇವನನ್ನು ಅಣಕಿಸುತ್ತಿದ್ದರು. ಭಾಷಣದಲ್ಲಿ ಅದನ್ನೂ ಹೇಳುತ್ತಿದ್ದ, "ಯಾವುದೋ ಒಂದು ಮನೆ" ಎಂದು. ಅದು ನಮ್ಮ ಮನೆ ಎಂದು ಎಲ್ಲಿಯೂ ಹೇಳಲಿಲ್ಲ. ಈಗ ತಾಯಿ ಮಾಡಿದ್ದನ್ನೇ ತಾನೂ ಮಾಡಿದ್ದ, ಅದೂ ಎಲ್ಲ ತಿಳಿದಿದ್ದೂ. ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತಿತ್ತು.

ಆ ರಾತ್ರಿಯ ಊಟಕ್ಕೆ ಬ್ರೀಜ್ ಆಲೂಗೆಡ್ಡೆ ಬಡಿಸುತ್ತ ಕೇಳಿದಳು. "ಪ್ಯಾಕಿ ಮನೆಗೆ ಬಂತಂತೆ. ನಮ್ದೇನಾಯ್ತು?"

"ಬರುತ್ತೆ. ಆ ಕಡೆ ರಸ್ತೆ ಮುಗಿಸ್ಕೊಂಡು ಬರ್ತಾರಂತೆ," ಎಂದ ಫೀಲಿಮ್, ತಟ್ಟೆ ನೋಡುತ್ತ.

ಮಾರನೆಯ ದಿನ ಕ್ಯಾರಿಕ್ ಪೇಟೆಗೆ ಹೋದ. ಯೆವಾ ಕೂರುವ ಕಚೇರಿಯ ಬಾಗಿಲು ತಳ್ಳಿದ. ಅವಳು ಎದ್ದು ನಿಂತಳು. "ಬನ್ನಿ, ಬನ್ನಿ. ಏನಾದ್ರೂ ಬೇಕಿತ್ತಾ?" ಒಳಗೆ ಇನ್ನೂ ನಾಲ್ಕು ಜನ ಕೂತಿದ್ದರು. ಅವರಲ್ಲಿ ಇಬ್ಬರು ಇವನ ಭಾಷಣಕ್ಕೆ ಎದ್ದುನಿಂತು ಚಪ್ಪಾಳೆ ತಟ್ಟಿದವರು. "ಏನಿಲ್ಲಮ್ಮ, ಈ ಕಡೆ ಬಂದಿದ್ದೆ, ಹಾಗೇ ನೋಡ್ಕೊಂಡು ಹೋಗೋಣ ಅಂತ," ಎಂದುಬಿಟ್ಟ. ಹೊರಗೆ ಬಂದು ಕಾರಿನಲ್ಲಿ ಕೂತು ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡ.

ನವೆಂಬರಿನಲ್ಲಿ ಒಂದು ಸಂಜೆ ಬ್ರೀಜ್ ತಡವಾಗಿ ಬಂದಳು. ಎದುರಿನ ಲಾರಿಯ ಬೆಳಕಿಗೆ ಕಣ್ಣು ಕತ್ತಲಿಟ್ಟು ಕಾರು ಚರಂಡಿಗೆ ಇಳಿದಿತ್ತು. ಯಾರೋ ಟ್ರ್ಯಾಕ್ಟರ್ ಕಟ್ಟಿ ಎಳೆದುಕೊಟ್ಟರಂತೆ. ಅವಳ ಕೋಟಿನ ತುಂಬ ಕೆಸರು. ಫೀಲಿಮ್ ಚಹಾ ಮಾಡಿಕೊಟ್ಟ. ಅವಳು ಎರಡೂ ಕೈಯಿಂದ ಕಪ್ಪು ಹಿಡಿದುಕೊಂಡು ಅವನನ್ನೇ ನೋಡಿದಳು.

"ತಂತಿ ವಿಚಾರದಲ್ಲಿ ಏನಾದ್ರೂ ತೊಂದ್ರೆ ಆಗಿದ್ಯಾ ಫೀಲಿಮ್? ಇದ್ರೆ ಹೇಳು."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? "ತೊಂದ್ರೆ ಏನಿರುತ್ತೆ. ಸರ್ಕಾರದ ಕೆಲಸ, ನಿಧಾನ," ಎಂದ. ಅಂದಮೇಲೆ ತನ್ನ ಮೇಲೇ ಅಸಹ್ಯವಾಯಿತು. ಅವಳ ಬೂಟಿನ ಕೆಸರನ್ನು ತಾನೇ ತೊಳೆದು ಒಲೆಯ ಪಕ್ಕ ಒಣಗಲಿಟ್ಟ.

ಡಿಸೆಂಬರಿನ ಮೊದಲ ಭಾನುವಾರ ಡ್ರಮ್‌ಬ್ರೀನ್ ಸಭಾಂಗಣದಲ್ಲಿ ಸಂತೋಷಕೂಟ. ಊರಿಗೆ ತಂತಿ ತಂದವನೆಂದು ಫೀಲಿಮನಿಗೆ ಸನ್ಮಾನ. ಬೆಳಿಗ್ಗೆ ಬ್ರೀಜ್ ಅವನ ಟೈ ಸರಿಮಾಡುತ್ತ ಮೆಲ್ಲಗೆ ಕೇಳಿದಳು, "ನನ್ಹತ್ರ ಹೇಳೋದು ಏನಾದ್ರೂ ಇದ್ಯಾ?"

"ಏನೂ ಇಲ್ವಲ್ಲ," ಎಂದ ಫೀಲಿಮ್.

ಅವಳು ಟೈ ಬಿಟ್ಟು ಹಿಂದೆ ಸರಿದಳು.

ಸಭೆಯಲ್ಲಿ ಜನ ಕಿಕ್ಕಿರಿದಿದ್ದರು. ಅವರಿಗೆ ಹಳೆಯ ಭಾಷಣವೇ ಬೇಕಿತ್ತು. ಫೀಲಿಮ್ ರಸ್ತೆಯ ಮಾತು ಹೇಳಿದ, ಬೆಣ್ಣೆಯ ಮಾತು ಹೇಳಿದ. ಮುಂದೆ ಬ್ರೀಜ್‌ಳ ಮಾತು ಬರಬೇಕಿತ್ತು. ಅವಳು ಎರಡನೆಯ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದಳು. ಅವಳ ಮುಖ ಕಂಡೊಡನೆ ಮಾತು ಅಲ್ಲಿಗೇ ನಿಲ್ಲಿಸಿ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಹೇಳಪ್ಪಾ, ಬ್ರೀಜ್ ಕತೆ ಹೇಳು!" ಎಂದು ಪ್ಯಾಕಿ ಹಿಂದಿನಿಂದ ಕೂಗಿದ. ಭಾವುಕನಾದ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವನಿಗೆ.

ಮನೆಗೆ ಬಂದಾಗ ಬ್ರೀಜ್ ಕೋಟು ಬಿಚ್ಚಲಿಲ್ಲ. ಒಳಗಿನಿಂದ ಒಂದು ಸೂಟ್‌ಕೇಸ್ ತಂದು ಬಾಗಿಲ ಬಳಿ ಇಟ್ಟಳು.

"ಇದೇನು?"

"ಸ್ಲೈಗೋದಲ್ಲಿ ಒಂದು ರೂಮು ಹಿಡ್ದಿದ್ದೀನಿ. ಚಳಿಗಾಲ ಮುಗಿಯೋವರ್ಗೂ ಅಲ್ಲೇ ಇರ್ತೀನಿ. ಪ್ರತಿ ಶುಕ್ರವಾರ ಬೆಳಕಿದ್ದಾಗ್ಲೇ ಹೊರಟು ಬರ್ತೀನಿ. ನನಗೆ ಆ ಕತ್ತಲು ರಸ್ತೆ ಆಗಲ್ಲ ಇನ್ನು."

"ತಂತಿ ಬರೋವರ್ಗೂ ಸ್ವಲ್ಪ…"

"ಬೇಡ ಅಂದೋರ ಮನೆಗೆ ಅದ್ಯಾಕೆ ಬರುತ್ತೆ?" ಅವಳ ದನಿ ಏರಲಿಲ್ಲ. "ಯೆವಾ ನಂಗೆ ಅಕ್ಟೋಬರಲ್ಲೇ ಅಂಗಡೀಲಿ ಸಿಕ್ಕಿದ್ಲು. 'ನಿಮ್ಮ ಯಜಮಾನ್ರು ಬೇಡ ಅಂದ್ರು, ನಂಗೆ ಆಶ್ಚರ್ಯ ಆಯ್ತು' ಅಂದ್ಲು ಪಾಪ. ನಂಗೇನೂ ಆಶ್ಚರ್ಯ ಆಗ್ಲಿಲ್ಲ. ನಿನ್ನ ಬಾಯಿ ನಂಗೊತ್ತಿಲ್ವಾ. ನಗು ಬಂತು. ಮನೆಗೆ ಬಂದ್ರೆ ಹೇಳ್ತಾನೆ, ಇಬ್ರೂ ನಗ್ತೀವಿ ಅಂದ್ಕೊಂಡೆ."

ಫೀಲಿಮ್ ಕುರ್ಚಿಯ ಬೆನ್ನು ಹಿಡಿದುಕೊಂಡ.

"ನಾನೇ ಅವ್ಳಿಗೆ ಹೂಂ ಅಂದುಬಿಡಬಹುದಿತ್ತು. ಆದ್ರೆ ನಿನ್ನ ಬಾಯಿಂದ ಕೇಳ್ಬೇಕು ಅನ್ನಿಸ್ತು. ಮೂರು ಸಲ ಕೇಳ್ದೆ ಫೀಲಿಮ್. ಊಟಕ್ಕೆ ಕೂತಾಗ ಕೇಳ್ದೆ. ಚರಂಡಿಗೆ ಬಿದ್ದು ಬಂದ ದಿನ ಕೇಳ್ದೆ. ಇವತ್ತು ಬೆಳಿಗ್ಗೆ ಕೇಳ್ದೆ. ಚಹಾಗೆ ಕೂಡ ನಾವು ಅದಕ್ಕಿಂತ ಹೆಚ್ಚು ಕೇಳಲ್ಲ."

ನಾಚಿಕೆ ಎಂದರೆ ಏನೆಂದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಕಂಬ ಕಂಡು ಪಟ್ಟದ್ದು, ಪ್ಯಾಕಿಯ ನಗೆಗೆ ಪಟ್ಟದ್ದು ಅದರ ಮುಂದೆ ಏನೂ ಅಲ್ಲ. ಇವಳು ಎಲ್ಲ ತಿಳಿದೂ ಬೆಳಿಗ್ಗೆ ಸಂಜೆ ಆ ರಸ್ತೆಯಲ್ಲಿ ಹೋಗಿ ಬಂದಿದ್ದಳು, ಗಂಡ ಒಂದು ಮಾತು ಹೇಳಲಿ ಎಂದು. ಅವನು ಆ ಒಂದು ಮಾತನ್ನು ಕೊಡಲಿಲ್ಲ.

"ಹೋಗ್ಬೇಡ ಬ್ರೀಜ್," ಎಂದ ಕೊನೆಗೆ.

"ರೂಮಿಗೆ ಮಾತು ಕೊಟ್ಟಾಗಿದೆ. ಸೂಟ್‌ಕೇಸ್ ಎತ್ಕೊಡು, ಭಾರ ಇದೆ."

ಅವನು ಎತ್ತಿಕೊಟ್ಟ. ಇನ್ನೂ ಸ್ವಲ್ಪ ಬೆಳಕಿತ್ತು. ಕಾರು ಕಂಬದ ಪಕ್ಕ ತಿರುಗಿ ಇಳಿಜಾರಿನಲ್ಲಿ ಮರೆಯಾಯಿತು. ಫೀಲಿಮ್ ಒಳಗೆ ಬಂದು ಕಿಟಕಿಯ ಪಕ್ಕದ ಮೇಜಿನೆದುರು ಕೂತ. ಕುಂಡದ ಮಣ್ಣು ಒಣಗಿತ್ತು, ನೀರು ಹಾಕಿದ. ಆಮೇಲೆ ಫೋನ್ ತೆಗೆದು ಯೆವಾಳಿಗೆ ಕರೆ ಮಾಡಿದ. ಭಾನುವಾರವಾದರೂ ಅವಳು ಎತ್ತಿದಳು. ಹಿಂದೆ ಸಭಾಂಗಣದ ಗಲಾಟೆ ಕೇಳುತ್ತಿತ್ತು.

"ಗಿಲ್‌ಹೀನಿ ಮಾತಾಡೋದು. ನಮ್ಮ ಮನೆಗೆ ತಂತಿ ಬೇಕು."

"ಹಾ? ಸರಿ, ಆದ್ರೆ ಕೆಲಸದವ್ರು ಇನ್ನು ಈಸ್ಟರ್ ಆದ್ಮೇಲೇ…"

"ಬೇಕು," ಎಂದ ಫೀಲಿಮ್. ದನಿ ಒಡೆಯಿತು. "ಬೇಕಮ್ಮ."

"ಒಂದ್ಸಲ ಹೇಳಿದ್ರೆ ಸಾಕು ಗಿಲ್‌ಹೀನಿಯವರೇ," ಎಂದಳು ಯೆವಾ. "ಬರ್ಕೊಂಡೆ."