ಆರ್ಡಿಸ್ ಬೀಲ್ ಅವರ ಹಂಡೆ ಮತ್ತು ಒಂದು ಪ್ರಶ್ನೆ

ಕಡಲಿನ ಮಂಜು ಇನ್ನೂ ಕರಗಿಲ್ಲ. ಊರ ಸಭಾಭವನದ ಹಿಂದಿನ ಹುಲ್ಲಿನಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕುಳಿತು, ಮಲಗಿದ ಮಗುವಿನ ಜ್ವರ ನೋಡುವ ಹಾಗೆ ನೆಲದ ಮೇಲೆ ಅಂಗೈ ಇಟ್ಟಿದ್ದಾರೆ. ನೆಲ ಬೆಚ್ಚಗಿದೆ. ಅದರಡಿಯ ಕೆಂಡದಲ್ಲಿ ನಿನ್ನೆ ಸಂಜೆ ಹೂತ ಕಬ್ಬಿಣದ ಹಂಡೆಯಿದೆ. ಅದರೊಳಗೆ ಬೀನ್ಸ್ ಕಾಳು, ಕಾಕಂಬಿ, ಉಪ್ಪು ಹಾಕಿದ ಹಂದಿಮಾಂಸ ನಿಧಾನಕ್ಕೆ ಬೇಯುತ್ತಿವೆ. ಒಂದು ಕಡೆ ಮಣ್ಣು ಬಿರಿದು ಹಬೆ ಸೋರುತ್ತಿದೆ. ಮಂಜು ಯಾವುದು, ಹಬೆ ಯಾವುದು ಎಂದು ನನಗಂತೂ ತಿಳಿಯುವುದಿಲ್ಲ. ಅವರು ಎರಡು ಹಿಡಿ ಮಣ್ಣು ಹಾಕಿ ಬಿರುಕು ಮುಚ್ಚುತ್ತಾರೆ.

"ಮೆಲ್ಲಗೆ," ಎಂದು ನನಗೆ ಪಿಸುಗುಡುತ್ತಾರೆ. "ನಾನು ಇವತ್ತು ಇಲ್ಲಿಗೆ ಬರೋ ಹಾಗೇ ಇಲ್ಲ."

ಅಮೆರಿಕದ ಮೇನ್ ರಾಜ್ಯದ ನಮ್ಮ ಈ ಪುಟ್ಟ ಬಂದರಿನಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಊರವರು ಹಂಡೆ ಹೂಳುತ್ತಾರೆ. ಶನಿವಾರ ಸಂಜೆ ಎಲ್ಲರೂ ಬಂದು ದುಡ್ಡು ಕೊಟ್ಟು ಉಣ್ಣುತ್ತಾರೆ, ಆ ದುಡ್ಡು ಆಸ್ಪತ್ರೆಗೆ ಹೋಗುತ್ತದೆ. ಯಾರ ಸಲುವಾಗಿ ಊಟವೋ ಅವರು ಹಂಡೆ ಮುಟ್ಟಬಾರದು. ಒಳ್ಳೆಯ ಬಟ್ಟೆ ಹಾಕಿಕೊಂಡು ಸಂಜೆ ಬಂದು ಕೂತರೆ ಸಾಕು. ವರ್ಷಗಟ್ಟಲೆ ಇನ್ನೊಬ್ಬರ ಕಾಯಿಲೆಗೆ ಹಂಡೆ ಹೂತ, ಈಗ ಇಲ್ಲಿ ಮಂಡಿಯೂರಿರುವ ಆರ್ಡಿಸ್ ಬೀಲ್ ಅವರ ಸಲುವಾಗಿಯೇ ಇವತ್ತಿನ ಊಟ. ಅವರ ಹೃದಯದ ಒಂದು ಕವಾಟ ಕೆಟ್ಟಿದೆ. ಮುಂದಿನ ವಾರ ಪಟ್ಟಣದ ಆಸ್ಪತ್ರೆಯಲ್ಲಿ ಬದಲಾಯಿಸುತ್ತಾರೆ. ಹಂಡೆ ಕಾಯಬೇಕಾದ ವರ್ನಲ್ ಆಲಿ ತನ್ನ ಪಿಕಪ್ ಗಾಡಿಯೊಳಗೆ ಗೊರಕೆ ಹೊಡೆಯುತ್ತಿದ್ದಾನೆ.

ಆರ್ಡಿಸ್ ಅವರದು ಏಡಿ ಬಿಡಿಸುವ ಕೆಲಸ. ಬೆಳಗಾಗುವ ಮೊದಲೇ ಜಗಲಿಯಲ್ಲಿ ಏಡಿಯ ಪೆಟ್ಟಿಗೆಗಳು ಬಂದು ಕೂತಿರುತ್ತವೆ. ಬೇಯಿಸಿ, ಒಡೆದು, ಮೊಂಡು ಚಾಕುವಿನಲ್ಲಿ ಮಾಂಸ ಬಿಡಿಸಿ ಡಬ್ಬಿ ತುಂಬುತ್ತಾರೆ. ಸುತ್ತಲಿನ ಹೋಟೆಲುಗಳು ಅದನ್ನು ಒಯ್ಯುತ್ತವೆ. ಬೆರಳ ತುದಿಗಳು ಚಿಪ್ಪು ತಾಗಿ ತಾಗಿ ದಡ್ಡುಗಟ್ಟಿವೆ. ಇನ್ಶೂರೆನ್ಸ್ ಇಲ್ಲವೇ ಎಂದು ಕೇಳಿದರೆ ನಗುತ್ತಾರೆ.

"ಇದೆಯಲ್ಲ! ಮಳೆ ಬಂದಾಗ ಬಿಚ್ಚೋಕೆ ಬರದೇ ಇರೋ ಛತ್ರಿ."

ಗಂಡ ಡೆಕ್ಸ್‌ಟರ್ ದೋಣಿ ರಿಪೇರಿ ಮಾಡುತ್ತಿದ್ದ. ಒಂದು ಶನಿವಾರ ಎದೆ ಹಿಡಿದುಕೊಂಡಿತು. ವಾರದ ಕೊನೆಯಲ್ಲಿ ತುರ್ತು ಚಿಕಿತ್ಸೆಗೆ ಹೋದರೆ ಬಿಲ್ಲು ಮನೆಯನ್ನೇ ನುಂಗೀತೆಂದು ಹೆದರಿ, "ಸೋಮವಾರ ನಮ್ಮ ಡಾಕ್ಟರಿಗೇ ತೋರಿಸಿದ್ರಾಯ್ತು" ಅಂದ. ಅವನಿಗೆ ಸೋಮವಾರ ಬರಲೇ ಇಲ್ಲ. ಇದನ್ನು ಹೇಳುವಾಗ ಆರ್ಡಿಸ್ ಅಳುವುದಿಲ್ಲ. ಕೇಳುವ ನನಗೆ ಮಾತ್ರ ಸಿಟ್ಟು ಬರುತ್ತದೆ. ಒಬ್ಬ ಮನುಷ್ಯ ಎದೆನೋವಿನ ಜೊತೆ ಚೌಕಾಸಿ ಮಾಡಿಕೊಂಡು ಸತ್ತ.

ಆವತ್ತಿನಿಂದ ಆರ್ಡಿಸ್ ಮಧ್ಯಾಹ್ನ ಕೈ ತೊಳೆದುಕೊಂಡು ಮನೆಮನೆಗೆ ಹೋಗುತ್ತಾರೆ. ದೇಶದವರೆಲ್ಲ ತಮ್ಮ ತಮ್ಮ ಶಕ್ತಿಯಷ್ಟು ತೆರಿಗೆಯನ್ನು ಒಂದೇ ಹುಂಡಿಗೆ ಹಾಕಬೇಕು, ಯಾರ ಆಸ್ಪತ್ರೆ ಬಿಲ್ಲನ್ನೇ ಆಗಲಿ ಆ ಹುಂಡಿಯೇ ಕಟ್ಟಬೇಕು ಎನ್ನುವುದು ಅವರ ಹೋರಾಟ. "ದೊಡ್ಡ ಹಂಡೆ, ಅಷ್ಟೇ," ಎನ್ನುತ್ತಾರೆ. "ಎಲ್ಲರೂ ಕಾಳು ಹಾಕೋದು, ಹಸಿದೋರಿಗೆ ಬಡಿಸೋದು. ಈ ಊರಿಗೆ ಹೊಸದಾ ಇದು?"

ಬಾಗಿಲು ತೆರೆದವರಿಗೆ ಅವರು ಭಾಷಣ ಮಾಡುವುದಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಾರೆ: "ಆಸ್ಪತ್ರೆ ಬಿಲ್ಲಿನ ಭಯಾನೇ ಇಲ್ಲ ಅಂತಿಟ್ಕೊಳ್ಳಿ. ನಾಳೆ ಬೆಳಿಗ್ಗೆ ಏನು ಮಾಡ್ತೀರಿ?"

ನಾನು ಒಂದೆರಡು ಮಧ್ಯಾಹ್ನ ಅವರ ಹಿಂದೆ ಅಲೆದಿದ್ದೇನೆ. ಈ ಪ್ರಶ್ನೆಗೆ ಜನರ ಮುಖ ಬದಲಾಗುವುದನ್ನು ನೋಡಬೇಕು. ಕಣ್ಣು ಎಲ್ಲೋ ದೂರ ಹೋಗುತ್ತದೆ. ಇನ್ಶೂರೆನ್ಸಿಗಾಗಿಯೇ ಬ್ಯಾಂಕಿಗೆ ಅಂಟಿಕೊಂಡ ಗುಮಾಸ್ತನೊಬ್ಬ, "ಕೆಲಸ ಬಿಟ್ಟು ಮರದ ದೋಣಿ ಕಟ್ತೀನಿ" ಎನ್ನುತ್ತಾನೆ. ಅಂಚೆ ಕಚೇರಿಯ ಹೆಂಗಸು, "ಮಲಗ್ತೀನಿ. ಹಾಯಾಗಿ, ಮಧ್ಯಾಹ್ನದವರೆಗೂ," ಎನ್ನುತ್ತಾಳೆ. ಎಲ್ಲರೂ ಹೀಗೆ ಕನಸು ಕಾಣುವುದಿಲ್ಲ. "ರಸ್ತೆ ಗುಂಡಿ ಮುಚ್ಚೋಕಾಗದ ಸರ್ಕಾರ ನನ್ನ ಕರುಳು ಹೊಲಿಯುತ್ತಾ?" ಎಂದು ಬಾಗಿಲು ಹಾಕಿಕೊಂಡ ಒಬ್ಬಾತನಿಗೆ ಆರ್ಡಿಸ್ ಕಿಟಕಿಯಲ್ಲೇ ಉತ್ತರ ಕೊಡುತ್ತಾರೆ: "ಗುಂಡಿಗೂ ಅರ್ಜಿ ಬರೆಯೋಣ, ಮೊದಲು ಬಾಗಿಲು ತೆಗೀರಿ!"

ಜೂನ್ ತಿಂಗಳ ಊರಸಭೆಯಲ್ಲಿ ಈ ಬೇಡಿಕೆ ಚರ್ಚೆಗೆ ಬರಬೇಕು, ಕೈ ಎತ್ತಿ ಊರು ತನ್ನ ಮಾತು ಹೇಳಬೇಕು. ಅದಕ್ಕೆ ಬೇಕಾದಷ್ಟು ಸಹಿ ಸೋಮವಾರದೊಳಗೆ ಊರ ಕಚೇರಿಗೆ ಮುಟ್ಟಬೇಕು. ಕೊನೆಯ ಹಾಳೆ ಇನ್ನೂ ತುಂಬಿಲ್ಲ. ಅದು ಆರ್ಡಿಸ್ ಅವರ ಗಾಡಿಯ ಮುಂದಿನ ಸೀಟಿನಲ್ಲೇ ಇದೆ, ಇವತ್ತು ಸಂಜೆ ಇಡೀ ಊರು ಒಂದೇ ಸೂರಿನಡಿ ಸೇರುತ್ತದೆ. ಆದರೂ ಅದನ್ನು ಒಳಗೆ ತರುವುದಿಲ್ಲ ಎಂದು ಅವರ ಹಟ.

ಕಾರಣ ವರ್ನಲ್. ನಾಲ್ಕು ವರ್ಷದ ಹಿಂದೆ ಅವನ ಸೊಂಟ ಮುರಿದಾಗ ಆರ್ಡಿಸ್ ಹಂಡೆ ಹೂತಿದ್ದರು. ಆ ಸಂಜೆ ಹುಮ್ಮಸ್ಸಿನಲ್ಲಿ ಸಹಿ ಹಾಳೆಗಳನ್ನು, ಹಣ್ಣು ತುಂಬಿ ಬೇಯಿಸಿದ ಸಿಹಿ ಪೈಗಳ ತಟ್ಟೆಗಳ ಪಕ್ಕ ಇಟ್ಟರು. ಹಂಡೆಯೂಟದಲ್ಲಿ ರಾಜಕೀಯ ಬರಬಾರದು, ಅದು ಇಲ್ಲಿನ ಕಟ್ಟುಪಾಡು. ವರ್ನಲ್ ಊರುಗೋಲು ಊರಿಕೊಂಡು ಎದ್ದು ಬಂದು, "ನನ್ನ ಸೊಂಟ ನಿನ್ನ ಪೋಸ್ಟರ್ ಅಲ್ಲ" ಎಂದು ಹಾಳೆಗಳನ್ನು ನೆಲಕ್ಕೆ ಎಸೆದ. ಅಲ್ಲಿಂದ ಆರ್ಡಿಸ್ ಜೊತೆ ಮಾತು ಬಿಟ್ಟ. ವಿಚಿತ್ರವೆಂದರೆ ಏಡಿ ತಂದುಕೊಡುವುದನ್ನು ಬಿಡಲಿಲ್ಲ. ಆರ್ಡಿಸ್ ಅವರ ಜಗಲಿಗೆ ದಿನವೂ ಪೆಟ್ಟಿಗೆ ತಂದಿಡುವವನು ಅವನೇ, ತುಟಿ ಬಿಚ್ಚದೆ.

"ತಪ್ಪು ನಂದೇ," ಎನ್ನುತ್ತಾರೆ ಆರ್ಡಿಸ್. "ನೋವಲ್ಲಿರೋನ ತಟ್ಟೆ ಪಕ್ಕ ಪೆನ್ನು ಇಡಬಾರದಿತ್ತು."

ಪಿಕಪ್ಪಿನ ಬಾಗಿಲು ಕಿರುಗುಟ್ಟುತ್ತದೆ. ಮಂಜಿನಿಂದ ವರ್ನಲ್ ಹೊರಬರುತ್ತಾನೆ. ಆರ್ಡಿಸ್ ಅವರ ಮಣ್ಣು ಮೆತ್ತಿದ ಕೈಯನ್ನು ನೋಡುತ್ತಾನೆ.

"ಏಯ್! ನಿನ್ನ ಊಟ ಇದು. ಏಳೇ ಮೇಲೆ."

ನಾಲ್ಕು ವರ್ಷದಲ್ಲಿ ಅವನಾಡಿದ ಮೊದಲ ಮಾತು ಇದು. ಆರ್ಡಿಸ್ ಏಳುವುದಿಲ್ಲ.

"ಹಬೆ ಸೋರ್ತಿತ್ತು ಕಣೋ. ನೀನು ಗೊರಕೆ ಹೊಡೀತಿದ್ದೆ."

"ಕಣ್ಣು ಮುಚ್ಚಿ ಯೋಚ್ನೆ ಮಾಡ್ತಿದ್ದೆ."

"ಅಷ್ಟು ಗಟ್ಟಿಯಾಗಾ?"

ವರ್ನಲ್ ಕೈ ಚಾಚುತ್ತಾನೆ. ಅವರು ಹಿಡಿದು ಏಳುತ್ತಾರೆ. ಉಸಿರು ಸಿಕ್ಕಿಕೊಂಡು ಅರೆಗಳಿಗೆ ಅವನ ತೋಳಿಗೆ ಒರಗುತ್ತಾರೆ. ಅವನು ಅಲುಗಾಡದೆ ನಿಲ್ಲುತ್ತಾನೆ.

ಸಂಜೆ ಸಭಾಭವನ ತುಂಬಿದೆ. ಹಂಡೆಯ ಮುಚ್ಚಳ ತೆಗೆದಾಗ ಎದ್ದ ಘಮ ಕೋಟುಗಳಿಗೂ ಕೂದಲಿಗೂ ಹತ್ತಿದೆ, ದೀಪಗಳು ಹಬೆಯಲ್ಲಿ ತೇಲುತ್ತಿವೆ. ವರ್ನಲ್ ಮೊದಲ ತಟ್ಟೆಯನ್ನು ತಂದು ನೀಲಿ ಬಟ್ಟೆ ತೊಟ್ಟ ಆರ್ಡಿಸ್ ಮುಂದೆ ಇಡುತ್ತಾನೆ. ಆಮೇಲೆ ಹೊರಗೆ ಹೋಗುತ್ತಾನೆ. ಬರುವಾಗ ಅವನ ಕೈಯಲ್ಲಿ ಆರ್ಡಿಸ್ ಗಾಡಿಯಲ್ಲಿದ್ದ ಆ ಸಹಿ ಹಾಳೆ. ಅದನ್ನು ಬ್ಲೂಬೆರಿ ಪೈಗಳ ಪಕ್ಕ ಇಟ್ಟು, ಬಗ್ಗಿ ತನ್ನ ಹೆಸರು ಬರೆಯುತ್ತಾನೆ.

"ಪೈ ಬೇಕಾದೋರು ಈ ದಾರೀಲಿ ಬನ್ನಿ! ಸಹಿ ಹಾಕದೋರಿಗೂ ಉಂಟು, ತುಂಡು ಸ್ವಲ್ಪ ಸಣ್ಣದು."

"ಬೇಡ ಕಣೋ," ಎನ್ನುತ್ತಾರೆ ಆರ್ಡಿಸ್. "ಪೋಸ್ಟರ್ ಅಲ್ಲ ಅಂತ ನೀನೇ ಹೇಳಿದ್ದೆ."

"ಆವತ್ತು ನಾಚಿಕೆ ಆಗಿತ್ತು ಕಣೇ. ಊರೆಲ್ಲ ನನ್ನ ಸೊಂಟದ ಹೆಸರಲ್ಲಿ ಉಣ್ತಾ ಕೂತಿತ್ತು. ಇವತ್ತು ನೀನು ಇಲ್ಲಿ ಕೂತಿರೋದು ನೋಡಿದ್ರೆ, ನಾಚಿಕೆ ಆಗ್ಬೇಕಾದ್ದು ನಮಗಲ್ಲ ಅನ್ಸತ್ತೆ."

ಸಾಲು ಗೋಡೆಯವರೆಗೆ ಬೆಳೆಯುತ್ತದೆ. ರಸ್ತೆ ಗುಂಡಿಯ ಮಾತಾಡಿದ್ದಾತ ಪೆನ್ನು ಹಿಡಿದು ಗೊಣಗುತ್ತಾನೆ, ಗೊಣಗುತ್ತಲೇ ಬರೆಯುತ್ತಾನೆ. ಹಾಳೆ ತುಂಬಿ, ಹೆಸರುಗಳು ಇನ್ನೊಂದಕ್ಕೆ ದಾಟುತ್ತವೆ.

ಜನ ಕರಗಿದ ಮೇಲೆ ವರ್ನಲ್ ಅವರೆದುರು ಬೆಂಚಿನ ಮೇಲೆ ಕೂರುತ್ತಾನೆ. "ಎಲ್ಲರನ್ನೂ ಕೇಳ್ತೀಯ. ನಿನ್ನನ್ನ ಯಾರಾದ್ರೂ ಕೇಳಿದಾರಾ? ಭಯಾನೇ ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಏನು ಮಾಡ್ತೀಯ?"

ಆರ್ಡಿಸ್ ಖಾಲಿ ಹಂಡೆಯ ಕಡೆ ನೋಡುತ್ತಾರೆ. ಈಗ ಅವರ ಕಣ್ಣೂ ಎಲ್ಲೋ ದೂರ ಹೋಗಿದೆ.

"ಹಂಡೆ ಹೂಳ್ತೀನಿ," ಎನ್ನುತ್ತಾರೆ. "ಜನ ಓಡಿ ಬಂದು, ಅಯ್ಯೋ ಯಾರಿಗೆ ಏನಾಯ್ತು ಅಂತ ಕೇಳ್ಬೇಕು. ಯಾರಿಗೂ ಏನೂ ಆಗಿಲ್ಲಪ್ಪ, ಹಸಿವಾಗಿತ್ತು, ಕೂತ್ಕೊಳ್ಳಿ ಅಂತೀನಿ."