ಮುನಿರತ್ನಮ್ಮನ ಬಜೆಗುಂಡಿ

ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಕೂಸು ಹುಟ್ಟಿತೆಂದರೆ ಮೊದಲು ಕರೆ ಹೋಗುವುದು ಮುನಿರತ್ನಮ್ಮನಿಗೆ. ತಮಿಳರು ವಸಂಬು ಎನ್ನಲಿ, ತೆಲುಗರು ವಸ ಎನ್ನಲಿ, ಬಜೆ ಬೇಕೆಂದರೆ ಅವಳ ಹಿತ್ತಿಲೇ ಗತಿ. ಕ್ಯಾಸಂಬಳ್ಳಿ ಕಡೆಯ ಕೆರೆಕೋಡಿಯಲ್ಲಿ ತಾನಾಗಿ ಬೆಳೆದಿದ್ದ ಬಜೆಯನ್ನು ತಂದು, ಬೇರನ್ನು ಗೆಣ್ಣುಗೆಣ್ಣಿಗೆ ಕುಯ್ದು, ಮೊಳಕೆಯ ಕಣ್ಣು ಮೇಲಾಗುವಂತೆ ಗುಂಡಿಯ ಕೆಸರಿನಲ್ಲಿ ಹೂತು, ಬಚ್ಚಲ ನೀರು ಒಂದು ತೊಟ್ಟೂ ಬೀಳದಂತೆ ಹನ್ನೆರಡು ವರ್ಷ ಕಾದವಳು. ಒಣಗಿದ ಬೇರನ್ನು ದೀಪದಲ್ಲಿ ಸುಟ್ಟು, ತಾಯಿಹಾಲಿನಲ್ಲಿ ತೇಯ್ದು ನೆಕ್ಕಿಸಿದರೆ ಕೂಸಿನ ಹೊಟ್ಟೆನೋವು ಇಳಿಯುತ್ತದೆಂದು ಎಲ್ಲರ ನಂಬಿಕೆ. ಅವಳಿಗೂ ಅದೇ ಹೆಮ್ಮೆ. ಸ್ವಲ್ಪ ಜಾಸ್ತಿಯೇ ಎನ್ನಿ.

ಈ ಸಲ ಮಳೆ ಬೀಳುತ್ತಲೇ ಗೆಡ್ಡೆ ಬಿಡಿಸಿ ನೆಡಲು ಕೂತಳು. ಗೇಣುದ್ದ ಕೆದಕುವಷ್ಟರಲ್ಲಿ ಕರಿಕೆಸರಿನ ಕೆಳಗೆ ಬೂದುಬಣ್ಣದ ನುಣುಪು ಮರಳು ಕೈಗೆ ಬಂತು. ಉರಿಗಾಂನಲ್ಲಿ ಆ ಮರಳಿನ ಗುರುತು ಯಾರಿಗಿಲ್ಲ! ಹೋದ ವರ್ಷ ಗುಂಡಿ ದೊಡ್ಡದು ಮಾಡಿದಾಗ ಕೆರೆಯ ಗೋಡುಮಣ್ಣು ತಂದು ತುಂಬಿದವನು ಪಕ್ಕದ ಮನೆಯ ಮುನೇಶ್. ಅವನನ್ನೇ ಕೂಗಿದಳು.

"ಏನ್ಲಾ, ಇದ್ನ ಎಲ್ಲಿಂದ ತಂದೆ?"

"ಅಷ್ಟು ಗೋಡಿಗೆ ಕೆರೆಗಂಟ ಯಾರಕ್ಕ ಓಗ್ತಾರೆ? ತಳಕ್ಕೆ ಸೈನೈಡ್ ದಿಬ್ಬದ್ ಮರಳು ಆಕ್ದೆ, ಮೇಲೆ ಗೋಡು. ಎಲ್ರೂ ಮನೆ ಪಾಯಕ್ಕೆ ಅದ್ನೇ ತುಂಬ್ತಾರಲ್ಲ!"

ಚಿನ್ನ ತೆಗೆಯಲು ಸೈನೈಡ್ ಹಾಕಿ ತೊಳೆದು ಗಣಿಯವರು ದಿಬ್ಬದಂತೆ ಸುರಿದುಹೋದ ಮರಳು ಅದು. ಆ ಗುಂಡಿಯಲ್ಲಿ ಬಲಿತ ಬೇರು ನಿನ್ನೆ ತಾನೇ ಲೈನಿನ ಕೊನೆಮನೆಯ ಸುಕನ್ಯಳ ಹಸುಗೂಸಿಗೆ ಹೋಗಿತ್ತು. ಕೈಕೆಸರು ತೊಳೆಯದೆ, ಚಪ್ಪಲಿ ಮೆಟ್ಟದೆ ಓಡಿದಳು.

ಸುಕನ್ಯ ಬಾಗಿಲಲ್ಲೇ ನಗುತ್ತ ನಿಂತಿದ್ದಳು. "ಬಾರಕ್ಕ. ನಿನ್ ಬಜೆ ನೆಕ್ಸಿದ್ದೇ ನೆಕ್ಸಿದ್ದು, ಮೂರ್ ದಿನದಿಂದ ಅಳ್ತಿದ್ ಕೂಸು ಬೆಳಗ್ಗಿಂದ ಗಪ್‌ಚುಪ್!"

ಮುನಿರತ್ನಮ್ಮ ಅವಳನ್ನು ಸರಿಸಿ ಒಳಕ್ಕೆ ನುಗ್ಗಿದಳು. ತೊಟ್ಟಿಲಲ್ಲಿ ಕೂಸು ಅಲುಗಾಡದೆ ಮಲಗಿತ್ತು. ಯಾರಿಗೂ ಗೊತ್ತಿಲ್ಲ, ಸುಮ್ಮನಿದ್ದುಬಿಡು ಎಂದು ಅವಳ ಮನಸ್ಸು ಒಂದು ಗಳಿಗೆ ಹೇಳಿದ್ದು ಸುಳ್ಳಲ್ಲ. ಕೂಸನ್ನು ಎತ್ತಿಕೊಂಡು ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. ಮಿಸುಕಲಿಲ್ಲ. ಇನ್ನೊಮ್ಮೆ ಚಿಮ್ಮಿದಳು. ಮೂರನೆಯ ಸಲಕ್ಕೆ ಮುಖ ಕಿವುಚಿಕೊಂಡು ಮನೆ ಕಿತ್ತುಹೋಗುವ ಹಾಗೆ ಚೀರಿತು.

ಅವಳೂ ಗೊಳೋ ಎಂದು ಅತ್ತುಬಿಟ್ಟಳು. "ಆ ಬಜೆ ಸೈನೈಡ್ ಮರಳಲ್ಲಿ ಬೆಳ್ದಿದ್ದು ಕಣೇ ಸುಕನ್ಯ. ನಂಗೆ ಇವತ್ತೇ ತಿಳೀತು. ಏಳು, ಆಸ್ಪತ್ರೆಗೆ ಓಗಾಣ."

ಸುಕನ್ಯ ಕೂಸನ್ನು ಅವಳ ಕೈಯಿಂದ ಕಿತ್ತುಕೊಂಡಳು. ಆಟೋದಲ್ಲಿ ದಾರಿಯುದ್ದಕ್ಕೂ ಮುಟ್ಟಗೊಡಲಿಲ್ಲ. ಊರಿನ ಕೂಸುಗಳ ಅಳು ನಿಲ್ಲಿಸುತ್ತ ಬಂದ ಮುನಿರತ್ನಮ್ಮ, ಈ ಅಳು ಮಾತ್ರ ಆಸ್ಪತ್ರೆಯ ಬಾಗಿಲವರೆಗೆ ನಿಲ್ಲದಿರಲಿ ಎಂದು ಮುನೇಶ್ವರ ದೇವರಿಗೆ ಕೈಮುಗಿಯುತ್ತ ಕೂತಿದ್ದಳು.